ಗಿರ್ಮಿಟ್ ಹುಡುಕುತ್ತಾ ವಿಜಯನಗರದಲ್ಲಿ

ವಿಜಯನಗರದಲ್ಲಿ ‘ಉತ್ತರ ಕರ್ನಾಟಕ’ ಅಂತ ಬೋರ್ಡ್ ಹಾಕಿದ ಕಡೆಯೆಲ್ಲ ಗಿರ್ಮಿಟ್ ಸಿಗುತ್ತೆ, ರುಚಿ ಸಿಗಲ್ಲ. ಅದಕ್ಕೇ ನಾವು ಬೋರ್ಡ್ ನೋಡೋದು ಬಿಟ್ಟು, ‘ಇನ್ನೊಂದ್ ಮಿರ್ಚಿ ಹಾಕ್ರಿ’ ಅನ್ನುವವರು ಗುಂಪುಗಟ್ಟಿದ ಗಾಡಿ ಹುಡುಕಿದೆವು. ಧಾರವಾಡ, ಗದಗ ಕಡೆಯಿಂದ ಕೆಲಸಕ್ಕೆ ಬಂದವರ ಜೊತೆಗೇ ಬೆಂಗಳೂರಿಗೆ ಬಂದ ತಿನಿಸಿದು.

ಆದರೆ ಅಸಲಿ ಅನ್ನೋದು ಎಲ್ಲಿಂದ ಶುರು? ಮೆಣಸಿನಕಾಯಿಯ ತವರು ಮೆಕ್ಸಿಕೊ ಕಡೆ. ಪೋರ್ಚುಗೀಸರು ಗೋವಾ ಹಿಡಿದದ್ದು 1510ರಲ್ಲಿ. ಅವರ ಹಡಗಿನಲ್ಲೇ ಅದು ನಮ್ಮ ಕಡೆ ಬಂತು. ಅದಕ್ಕೂ ಮುಂಚೆ ಕಾಳುಮೆಣಸೇ ನಮಗೆ ಖಾರ. ಗಿರ್ಮಿಟ್‌ನ ಟೊಮೆಟೊ ಕೂಡ ಅಮೆರಿಕ ಖಂಡದ್ದೇ. ಮಂಡಕ್ಕಿ, ಹುಣಸೆಹುಳಿ ಮಾತ್ರ ಹಳೆಯವು. ಹಾಗೆ ಹೊರಗಿಂದ ಬಂದ ಮೆಣಸಿನಕಾಯಿ ಬ್ಯಾಡಗಿಯ ಹೆಸರಲ್ಲೇ 2011ರಲ್ಲಿ ಜಿಐ ಮಾನ್ಯತೆ ಪಡೆಯಿತು.

ಇದನ್ನೆಲ್ಲ ಗಾಡಿಯ ಅಕ್ಕಾರಿಗೆ ಹೇಳಿದೆವು. ‘ಹೌದೇನ್ರಿ?’ ಅಂದವರೇ ಎಣ್ಣೆಯಿಂದ ಇನ್ನೊಂದು ಮಿರ್ಚಿ ಎತ್ತಿ ಕೊಟ್ಟರು.