ತೊಗಟೆ ದೋಣಿಯವರ ಊಟ

ಉತ್ತರ ಅಮೆರಿಕದ ಮಹಾಸರೋವರಗಳಿಂದ ವಾಯವ್ಯಕ್ಕೆ ಹಬ್ಬಿರುವ ಕಾಡುಸೀಮೆಯಲ್ಲಿ ಹಿಂದೆ ನೀರೇ ಹೆದ್ದಾರಿಯಾಗಿತ್ತು. ಅಲ್ಲಿ ನದಿಗಳು ಸಾವಿರಾರು ಸರೋವರಗಳನ್ನು ಒಂದಕ್ಕೊಂದು ಪೋಣಿಸಿವೆ. ನಡುವೆ ಜಲಪಾತ ಎದುರಾದರೆ ದೋಣಿಯನ್ನೂ ಸರಕನ್ನೂ ಹೊತ್ತು ನಡೆಯಬೇಕು. ಅಲ್ಗಾಂಕ್ವಿನ್, ಓಜಿಬ್ವೆ ಮೊದಲಾದ ಮೂಲನಿವಾಸಿಗಳು ಈ ದಾರಿಗೆ ತಕ್ಕಂತೆ ಹಗುರವಾದ ಕನೂ ದೋಣಿಯನ್ನು ರೂಪಿಸಿದ್ದರು. ಬರ್ಚ್ ಮರದ ತೊಗಟೆಯನ್ನು ಸ್ಪ್ರೂಸ್ ಮರದ ಬೇರಿನಿಂದ ಹೊಲಿದು, ಒಳಗೆ ಸೀಡರ್ ಮರದ ಪಕ್ಕೆಗಳನ್ನು ಕೂರಿಸಿ, ಸಂದುಗಳಿಗೆ ಕೊಬ್ಬು ಬೆರೆಸಿ ಕಾಯಿಸಿದ ಮರದ ಅಂಟನ್ನು ಮೆತ್ತುತ್ತಿದ್ದರು. ದೋಣಿ ಹರಿದರೆ ದುರಸ್ತಿಗೆ ಬೇಕಾದುದೆಲ್ಲ ದಡದ ಕಾಡಿನಲ್ಲೇ ಸಿಗುತ್ತಿತ್ತು.

ಈ ಜನರಿಗೆ ದೋಣಿ ಆಹಾರ ಗಳಿಸುವ ಸಾಧನವೂ ಹೌದು. ಸುಪೀರಿಯರ್ ಸರೋವರದ ನೀರು ಕೆಳಕ್ಕೆ ಧುಮುಕುವ ಸೂ ಸೇಂಟ್ ಮರೀ ಎಂಬಲ್ಲಿ, ಒಬ್ಬ ಸೆಳವಿನ ನಡುವೆ ದೋಣಿಯನ್ನು ಹತೋಟಿಯಲ್ಲಿಟ್ಟರೆ ಇನ್ನೊಬ್ಬ ಉದ್ದ ಕೋಲಿನ ಬಲೆಯಿಂದ ವೈಟ್‌ಫಿಶ್ ಎಂಬ ಮೀನನ್ನು ಮೊಗೆಯುತ್ತಿದ್ದ. ಬೇಸಿಗೆಯ ಕೊನೆಗೆ ಆಳವಿಲ್ಲದ ನೀರಿನಲ್ಲಿ ಕಾಡುಭತ್ತ ಮಾಗುತ್ತಿತ್ತು. ಆಗ ಒಂದು ಕೋಲಿನಿಂದ ತೆನೆ ಬಾಗಿಸಿ, ಇನ್ನೊಂದರಿಂದ ಬಡಿದು, ಕಾಳನ್ನು ದೋಣಿಯೊಳಕ್ಕೇ ಉದುರಿಸಿಕೊಳ್ಳುತ್ತಿದ್ದರು.

18ನೇ ಶತಮಾನದಲ್ಲಿ ತುಪ್ಪಳದ ವ್ಯಾಪಾರ ಬೆಳೆದಾಗ ಇದೇ ದೋಣಿ ಸರಕು ಸಾಗಣೆಗೆ ಬಂತು. ಮಾಂಟ್ರಿಯಲ್‌ನ ದೊಡ್ಡ ದೋಣಿಗಳು ಸುಮಾರು 11 ಮೀಟರ್ ಉದ್ದವಿದ್ದು, ಮೂರು ಟನ್ನಿಗೂ ಹೆಚ್ಚು ಭಾರ ಹೊರುತ್ತಿದ್ದವು. ಹುಟ್ಟು ಹಾಕುತ್ತಿದ್ದವರು ವಾಯಜರ್ ಎಂದು ಹೆಸರಾದ ಕೂಲಿಯಾಳುಗಳು, ಬಹುಪಾಲು ಫ್ರೆಂಚ್ ಮಾತಾಡುವ ಕೆನಡಿಯನ್ನರು. ಮೇ ತಿಂಗಳಲ್ಲಿ ಮಾಂಟ್ರಿಯಲ್ ಪಕ್ಕದ ಲಾಷೀನ್‌ನಿಂದ ಹೊರಟು ಸುಪೀರಿಯರ್ ದಂಡೆಯ ಗ್ರ್ಯಾಂಡ್ ಪೋರ್ಟೇಜ್ ಮುಟ್ಟಿ, ಸರಕು ಬದಲಿಸಿಕೊಂಡು, ನೀರು ಹೆಪ್ಪುಗಟ್ಟುವ ಮೊದಲೇ ಹಿಂತಿರುಗಬೇಕಿತ್ತು. ಬೆಳಕು ಹರಿಯುವ ಮುನ್ನ ದೋಣಿ ನೀರಿಗಿಳಿದರೆ ಮತ್ತೆ ಬಿಡಾರ ಹೂಡುತ್ತಿದ್ದುದು ಸಂಜೆಗೆ. ಸುತ್ತಲೂ ಮೀನು ತುಂಬಿದ ನೀರಿದ್ದರೂ ಬಲೆ ಬಿಟ್ಟು ಕಾಯುವಷ್ಟು ಪುರುಸೊತ್ತಿರಲಿಲ್ಲ. ಗಾಳಿಗೆ ಸಿಕ್ಕಿ ದಡದಲ್ಲೇ ಕೂತ ದಿನ ಮೀನು ಹಿಡಿದದ್ದುಂಟು, ದಾರಿಯಲ್ಲಿ ಮೂಲನಿವಾಸಿಗಳಿಂದ ಕೊಂಡದ್ದೂ ಉಂಟು. ಆದರೆ ದಿನದ ಊಟ ಮೂಟೆಯಿಂದಲೇ ಬರಬೇಕಿತ್ತು.

ಆ ಊಟದ ವಿವರವನ್ನು ವ್ಯಾಪಾರಿ, ಅನ್ವೇಷಕ ಅಲೆಕ್ಸಾಂಡರ್ ಮೆಕೆಂಝಿ 1801ರಲ್ಲಿ ಪ್ರಕಟವಾದ ತನ್ನ ಪ್ರವಾಸಕಥನದಲ್ಲಿ ಬರೆದಿಟ್ಟಿದ್ದಾನೆ. ಮೆಕ್ಕೆಜೋಳವನ್ನು ಕ್ಷಾರದ ನೀರಿನಲ್ಲಿ ಕುದಿಸಿ ಹೊಟ್ಟು ಬಿಡಿಸಿ, ತೊಳೆದು ಒಣಗಿಸುತ್ತಿದ್ದರು. ಇಂಥ ಕಾಳು ಸುಮಾರು ಒಂದು ಲೀಟರಿನಷ್ಟನ್ನು ನಾಲ್ಕು ಪಟ್ಟು ನೀರಿಗೆ ಹಾಕಿ, ಹದವಾದ ಉರಿಯಲ್ಲಿ ಎರಡು ತಾಸು ಬೇಯಿಸಬೇಕು. ಸ್ವಲ್ಪ ಕುದಿ ಬಂದ ಮೇಲೆ ಎರಡು ಔನ್ಸ್ ಕರಗಿಸಿದ ಕೊಬ್ಬು ಹಾಕಿದರೆ ಕಾಳು ಬಿರಿದು ಗಂಜಿ ಗಟ್ಟಿಯಾಗುತ್ತದೆ. ಒಬ್ಬ ಆಳಿನ ಒಂದು ದಿನದ ಪಡಿ ಇಷ್ಟೇ. ಅಗ್ಗ, ಹಗುರ, ಬೇಗ ಕೆಡದು ಎಂಬ ಕಾರಣಕ್ಕೆ ಕಂಪನಿಗಳು ಇದನ್ನೇ ನೆಚ್ಚಿಕೊಂಡವು.

ಸುಪೀರಿಯರ್‌ನಿಂದಾಚೆ ದೋಣಿ ಚಿಕ್ಕದಾಗುತ್ತಿತ್ತು, ದಾರಿ ಉದ್ದವಾಗುತ್ತಿತ್ತು. ಅಲ್ಲಿ ನಡೆಯುತ್ತಿದ್ದುದು ಪೆಮಿಕನ್. ಕಾಡೆಮ್ಮೆಯಂಥ ಬೈಸನ್‌ನ ಮಾಂಸವನ್ನು ಒಣಗಿಸಿ, ಕುಟ್ಟಿ ಪುಡಿಮಾಡಿ, ಕರಗಿಸಿದ ಕೊಬ್ಬು ಸುರಿದು, ಕೆಲವೊಮ್ಮೆ ಕಾಡುಹಣ್ಣನ್ನೂ ಸೇರಿಸಿ ಚರ್ಮದ ಚೀಲಕ್ಕೆ ತುಂಬುತ್ತಿದ್ದರು. ಒಂದು ಚೀಲ ಸುಮಾರು 41 ಕಿಲೋ ತೂಗುತ್ತಿತ್ತು. ಅದನ್ನು ಹಾಗೇ ಕಡಿದು ತಿನ್ನಬಹುದು, ಹಿಟ್ಟು ಬೆರೆಸಿ ಸಾರಿನಂತೆ ಕುದಿಸಲೂಬಹುದು. ಬಯಲುಸೀಮೆಯಲ್ಲಿ ಇದನ್ನು ತಯಾರಿಸಿ ಮಾರುತ್ತಿದ್ದವರು ಮುಖ್ಯವಾಗಿ ಮೂಲನಿವಾಸಿ ಮತ್ತು ಯುರೋಪಿಯನ್ ಮಿಶ್ರ ಮೂಲದ ಮೆಟಿಸ್ ಜನ. ಪೆಮಿಕನ್ ಇಲ್ಲದೆ ದೋಣಿ ಹೊರಡುತ್ತಿರಲಿಲ್ಲ. ಹೀಗಾಗಿ 1814ರ ಜನವರಿಯಲ್ಲಿ ರೆಡ್ ರಿವರ್ ವಸಾಹತಿನ ಗವರ್ನರ್ ಮೈಲ್ಸ್ ಮ್ಯಾಕ್‌ಡೊನೆಲ್ ಅದನ್ನು ಹೊರಗೆ ಸಾಗಿಸಕೂಡದೆಂದು ಆಜ್ಞೆ ಹೊರಡಿಸಿದಾಗ ತುಪ್ಪಳ ವ್ಯಾಪಾರದ ನಾರ್ತ್ ವೆಸ್ಟ್ ಕಂಪನಿಯ ಬುಡಕ್ಕೇ ಪೆಟ್ಟು ಬಿತ್ತು. ಜಗಳ ಬೆಳೆದು 1816ರ ಜೂನ್ 19ರಂದು ಸೆವೆನ್ ಓಕ್ಸ್‌ನಲ್ಲಿ ಕಾಳಗವೇ ನಡೆಯಿತು. ಆಗಿನ ಗವರ್ನರ್ ರಾಬರ್ಟ್ ಸೆಂಪಲ್ ಸಹಿತ ವಸಾಹತಿನ ಕಡೆಯ 21 ಮಂದಿ ಸತ್ತರು. 1821ರಲ್ಲಿ ನಾರ್ತ್ ವೆಸ್ಟ್ ಕಂಪನಿ ತನ್ನ ಎದುರಾಳಿ ಹಡ್ಸನ್ಸ್ ಬೇ ಕಂಪನಿಯಲ್ಲಿ ವಿಲೀನವಾಯಿತು.

ಮೀನು ಊಟದ ಆಧಾರವಾಗಿದ್ದುದು ಒಂದೆಡೆ ನೆಲೆ ನಿಂತವರಿಗೆ. ಅಥಬಾಸ್ಕ ಸರೋವರದಂಥ ಉತ್ತರದ ಠಾಣ್ಯಗಳಲ್ಲಿ ಚಳಿಗಾಲಕ್ಕೆ ಮುಂಚೆ ಬಲೆ ಬಿಟ್ಟು ವೈಟ್‌ಫಿಶ್ ಕೂಡಿಡುತ್ತಿದ್ದರು. ಅಟ್ಟಕ್ಕೆ ತೂಗುಹಾಕಿದ ಮೀನು ಚಳಿಗೆ ಹೆಪ್ಪುಗಟ್ಟಿ ಕೆಡದೆ ಉಳಿಯುತ್ತಿತ್ತು. ಅಲ್ಲಿನ ಆಳುಗಳಿಗೆ ತಿಂಗಳುಗಟ್ಟಲೆ ಅದೇ ಊಟ.

ದೋಣಿಯಾತ್ರೆಯ ಬಾಣಲೆಗೆ ಮೀನು ಬಿದ್ದದ್ದು ಯಾತ್ರೆ ವಿರಾಮದ ಸಂಗತಿಯಾದ ಮೇಲೆ. ರೈಲು ಬಂದು ದೋಣಿಯ ಸಾಗಣೆ ಕುಗ್ಗಿತು. ಅದೇ ರೈಲು ಪಟ್ಟಣಿಗರನ್ನು ಕಾಡಿನಂಚಿಗೆ ತಂದಿಳಿಸಿತು. ಒಂಟೇರಿಯೊದಲ್ಲಿ 1893ರಲ್ಲಿ ಆಲ್ಗಾಂಕ್ವಿನ್, 1913ರಲ್ಲಿ ಕ್ವೆಟಿಕೊ ಉದ್ಯಾನಗಳು ಏರ್ಪಟ್ಟವು. ಆಲ್ಗಾಂಕ್ವಿನ್‌ನಲ್ಲಿ ಚಿತ್ರಕಾರ ಟಾಮ್ ಥಾಮ್ಸನ್ ಮೀನುಗಾರರಿಗೆ ದಾರಿ ತೋರುವ ಗೈಡ್ ಆಗಿಯೂ ದುಡಿದಿದ್ದ. ದೋಣಿ ನಡೆಸುವುದರ ಜತೆಗೆ ಅಡುಗೆಯೂ ಗೈಡ್‌ನ ಕೆಲಸವೇ. ಬೆಳಿಗ್ಗೆ ಹಿಡಿದ ವಾಲೈ ಮೀನಿನ ಮುಳ್ಳು ಬಿಡಿಸಿ, ಹೋಳುಗಳನ್ನು ಮೆಕ್ಕೆಜೋಳದ ಹಿಟ್ಟಿನಲ್ಲಿ ಹೊರಳಿಸಿ, ಹಂದಿಕೊಬ್ಬಿನಲ್ಲಿ ಕರಿದು ಮಧ್ಯಾಹ್ನ ದಡದಲ್ಲೇ ಬಡಿಸುವುದು ವಾಡಿಕೆಯಾಯಿತು. ಜತೆಗೆ ಬ್ಯಾನಕ್ ರೊಟ್ಟಿ. ಹಿಟ್ಟು, ಬೇಕಿಂಗ್ ಪೌಡರ್, ಉಪ್ಪು, ಕೊಬ್ಬು ಕಲಸಿ ಬಾಣಲೆಗೆ ತಟ್ಟಿ, ತಳ ಬೆಂದ ಮೇಲೆ ಬಾಣಲೆಯನ್ನು ಬೆಂಕಿಯ ಕಡೆ ವಾಲಿಸಿ ನಿಲ್ಲಿಸಿದರೆ ಮೇಲ್ಮೈಯೂ ಕೆಂಪಗೆ ಬೇಯುತ್ತದೆ.

ಎರಡನೆಯ ಮಹಾಯುದ್ಧದ ಬಳಿಕ ಅಲ್ಯೂಮಿನಿಯಂ ದೋಣಿಗಳು ಬಂದು ಯಾತ್ರಿಕರ ಸಂಖ್ಯೆ ಹೆಚ್ಚಿತು, ಜತೆಗೆ ಕಸವೂ. ಮಿನ್ನೆಸೋಟದ ಬೌಂಡರಿ ವಾಟರ್ಸ್ ಪ್ರದೇಶದಲ್ಲಿ 1971ರಿಂದ ಆಹಾರದ ಡಬ್ಬಿ, ಗಾಜಿನ ಬಾಟಲಿಗಳಿಗೆ ನಿಷೇಧವಿದೆ. 1978ರ ಕಾಯಿದೆ ಅಲ್ಲಿನ ಮೋಟಾರು ದೋಣಿಗಳನ್ನೂ ಬಹುಮಟ್ಟಿಗೆ ನಿರ್ಬಂಧಿಸಿತು. ಈಗ ಗೊತ್ತುಪಡಿಸಿದ ಬಿಡಾರಗಳಲ್ಲಿ, ಕಬ್ಬಿಣದ ಜಾಲರಿ ಹೂಡಿದ ಒಲೆಯಲ್ಲಿ ಮಾತ್ರ ಸೌದೆ ಉರಿಸಬಹುದು. ಕರಡಿಗೆ ಸಿಗದಂತೆ ಆಹಾರವನ್ನು ಭದ್ರವಾಗಿಡಬೇಕು. ಮೀನಿಗೆ ಪರವಾನಗಿ ಬೇಕು, ಹಿಡಿಯುವ ಲೆಕ್ಕಕ್ಕೂ ಮಿತಿಯಿದೆ. ಹೀಗಾಗಿ ಮೀನನ್ನೇ ನಂಬಿ ಯಾರೂ ಹೊರಡುವುದಿಲ್ಲ. ಅಷ್ಟೂ ದಿನಗಳಿಗೆ ಸಾಲುವಷ್ಟು ಒಣ ಆಹಾರವನ್ನು ಲೆಕ್ಕಹಾಕಿ ಕಟ್ಟಿಕೊಳ್ಳುವುದೇ ಇಂದಿಗೂ ರೂಢಿ.