ಮನೆ, ಶಾಲೆ, ಸ್ಟೇಷನ್: ಮುಂಬಯಿ ಕನ್ನಡಿಗರು ನೆಲೆ ಆಯ್ದ ಬಗೆ

ಮುಂಬಯಿಯಲ್ಲಿ ಮನೆ ನೋಡಲು ಹೊರಟವರು ಬ್ರೋಕರನನ್ನು ಮೊದಲು ಕೇಳುವುದು ಎರಡೇ ಪ್ರಶ್ನೆ. ಸ್ಟೇಷನ್ ಎಷ್ಟು ದೂರ? ಹತ್ತಿರದಲ್ಲಿ ಒಳ್ಳೆಯ ಶಾಲೆ ಇದೆಯೇ? ಬಾಡಿಗೆ, ನೀರು, ಲಿಫ್ಟು ಇವೆಲ್ಲ ಆಮೇಲಿನ ಮಾತು. ಈ ಎರಡು ಪ್ರಶ್ನೆ ಇವತ್ತಿನದಲ್ಲ. ಫೋರ್ಟಿನಿಂದ ಮಾಟುಂಗಾಕ್ಕೆ, ಅಲ್ಲಿಂದ ಡೊಂಬಿವಲಿ, ಬೊರಿವಲಿಗಳಿಗೆ, ಮತ್ತೆ ಖಾಡಿ ದಾಟಿ ನವಿ ಮುಂಬಯಿಗೆ ನಮ್ಮ ಜನ ಸರಿದುಹೋದ ದಾರಿಯನ್ನು ನಕಾಶೆಯ ಮೇಲೆ ಗುರುತು ಮಾಡಿ ನೋಡಿದರೆ, ಅದು ರೈಲು ಹಳಿ ಮತ್ತು ಶಾಲೆಗಳ ಇತಿಹಾಸವೇ ಆಗಿ ಕಾಣುತ್ತದೆ. ಆದರೆ ಈ ಲೆಕ್ಕದಲ್ಲಿ ಬಹುಕಾಲ ಬಿಟ್ಟುಹೋದ ಅಂಶ ಒಂದಿದೆ. ಅದು ಮನೆಯ ಹೆಣ್ಣುಮಗಳ ಸಮಯ. ಮಹಿಳಾ ವಿಭಾಗದ ಈ ಸಂಚಿಕೆಗೆ ಅದನ್ನೇ ಬರೆಯೋಣವೆನಿಸಿತು.

ಮೊದಲಿಗೆ ಬಂದವರಿಗೆ ಪ್ರಯಾಣದ ಪ್ರಶ್ನೆಯೇ ಇರಲಿಲ್ಲ. ದಕ್ಷಿಣ ಕನ್ನಡದಿಂದ ಹಡಗು ಹತ್ತಿ ಬಂದ ಹುಡುಗರು ಫೋರ್ಟಿನ ಹೋಟೆಲು, ಖಾನಾವಳಿ, ಕ್ಯಾಂಟೀನುಗಳಲ್ಲಿ ದುಡಿದು, ರಾತ್ರಿ ಅಲ್ಲೇ ಚಾಪೆ ಹಾಸಿ ಮಲಗುತ್ತಿದ್ದರು. ಕೆಲಸದ ಜಾಗವೇ ಮನೆ. ಹಗಲು ಬಿಡುವಿಲ್ಲದ ಕಾರಣ ಶಾಲೆ ರಾತ್ರಿಗೆ ಬಂತು. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿ, ಆಮೇಲೆ ಬಿಲ್ಲವರ ಅಸೋಸಿಯೇಷನ್ನಿನಂಥ ಸಂಸ್ಥೆಗಳು ರಾತ್ರಿಶಾಲೆಗಳನ್ನು ನಡೆಸಿದವು. ತಟ್ಟೆ ಲೋಟ ತೊಳೆದ ಕೈಗಳೇ ಪುಸ್ತಕ ಹಿಡಿದು ಮೆಟ್ರಿಕ್ ಪಾಸು ಮಾಡಿದವು. ಅದರಿಂದಲೇ ಬ್ಯಾಂಕು, ಕಂಪನಿ, ಕೋರ್ಟುಗಳ ಬಾಗಿಲು ತೆರೆಯಿತು. ಮುಂಬಯಿ ಕನ್ನಡಿಗರು ಹೆಮ್ಮೆಯಿಂದ ಹೇಳಿಕೊಳ್ಳುವ ಕಥೆ ಇದು, ಹೇಳಿಕೊಳ್ಳಬೇಕಾದದ್ದೇ. ಆದರೆ ಈ ಕಥೆಯಲ್ಲಿ ಹೆಂಗಸರು ಬಹುಮಟ್ಟಿಗೆ ಇಲ್ಲ. ಅವರು ಊರಲ್ಲಿ ಗದ್ದೆ, ಮಕ್ಕಳು, ಅತ್ತೆ ಮಾವಂದಿರನ್ನು ನೋಡಿಕೊಳ್ಳುತ್ತ ಮನಿಆರ್ಡರಿಗೆ ಕಾಯುತ್ತಿದ್ದರು.

ಹೆಂಗಸರು ಬಂದ ಮೇಲೆಯೇ ‘ಮನೆ ಎಲ್ಲಿ’ ಎಂಬ ಪ್ರಶ್ನೆ ಹುಟ್ಟಿದ್ದು. ಅದಕ್ಕೆ ಉತ್ತರವಾಗಿ ಸಿಕ್ಕಿದ್ದು ದಾದರ್, ಮಾಟುಂಗಾ, ವಡಾಲ. ಇದರ ಹಿಂದೆ ಒಂದು ದೊಡ್ಡ ಸಂಕಟವಿದೆ. 1896ರಲ್ಲಿ ಮುಂಬಯಿಗೆ ಪ್ಲೇಗು ಬಂತು. ಗಾಳಿ ಬೆಳಕಿಲ್ಲದ ಇಕ್ಕಟ್ಟಿನ ಕೇರಿಗಳೇ ರೋಗಕ್ಕೆ ಆಸರೆ ಎಂದು ಕಂಡ ಸರಕಾರ 1898ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಸ್ಥಾಪಿಸಿತು. ಅಗಲವಾದ ರಸ್ತೆ, ನಡುವೆ ತೋಟ, ಮಿತವಾದ ಎತ್ತರದ ಕಟ್ಟಡಗಳು, ಹೀಗೆ ದಾದರ್-ಮಾಟುಂಗಾ ಬಡಾವಣೆಯನ್ನು ಟ್ರಸ್ಟ್ ರೂಪಿಸಿತು. ಮಾಟುಂಗಾದ ಫೈವ್ ಗಾರ್ಡನ್ಸ್ ಸುತ್ತ ನಡೆದಾಡಿದವರಿಗೆ ಆ ಯೋಜನೆಯ ಗುರುತು ಈಗಲೂ ಕಾಣುತ್ತದೆ.

ಎರಡನೆಯ ಕಾರಣ ವಿದ್ಯುತ್ ರೈಲು. ಬೋರಿಬಂದರಿನಿಂದ ಠಾಣೆಗೆ ಮೊದಲ ಪ್ರಯಾಣಿಕರ ರೈಲು ಓಡಿದ್ದು 1853ರ ಏಪ್ರಿಲ್ 16ರಂದು. ಆದರೆ ದಿನವೂ ಹೋಗಿಬರುವ ನೌಕರನಿಗೆ ಅದು ನಿಜವಾಗಿ ಒದಗಿದ್ದು ವಿದ್ಯುತ್ ಬಂದ ಮೇಲೆ. 1925ರ ಫೆಬ್ರವರಿ 3ರಂದು ವಿ.ಟಿ.ಯಿಂದ ಕುರ್ಲಾಕ್ಕೆ ಹಾರ್ಬರ್ ದಾರಿಯಲ್ಲಿ ಮೊದಲ ವಿದ್ಯುತ್ ಲೋಕಲ್ ಓಡಿತು. 1928ರಲ್ಲಿ ಪಶ್ಚಿಮದ ಹಳಿಯೂ ಬೊರಿವಲಿವರೆಗೆ ವಿದ್ಯುತ್ ಕಂಡಿತು. ಫೋರ್ಟಿನ ಕಚೇರಿಯಲ್ಲಿ ಗುಮಾಸ್ತನಾದವನು ಮಾಟುಂಗಾದಲ್ಲಿ ಸಂಸಾರ ಹೂಡುವುದು ಈಗ ಸಾಧ್ಯವಾಯಿತು. 

ಮೂರನೆಯದು ವಿದ್ಯಾಸಂಸ್ಥೆಗಳು. ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆ 1923ರಲ್ಲಿ ಮಾಟುಂಗಾಕ್ಕೆ ಬಂತು. 1932ರಲ್ಲಿ ದಕ್ಷಿಣ ಭಾರತೀಯರ ಎಸ್.ಐ.ಇ.ಎಸ್., 1937ರಲ್ಲಿ ರುಯಿಯಾ ಕಾಲೇಜು ಶುರುವಾದವು. ವಡಾಲದಲ್ಲಿ ನ್ಯಾಷನಲ್ ಕನ್ನಡ ಎಜುಕೇಷನ್ ಸೊಸೈಟಿಯ ಕನ್ನಡ ಶಾಲೆ ಬೆಳೆಯಿತು. ಮೈಸೂರು ಅಸೋಸಿಯೇಷನ್ 1926ರಲ್ಲಿ, ಕರ್ನಾಟಕ ಸಂಘ 1933ರಲ್ಲಿ ಆರಂಭವಾದವು. ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರಲ್ಲಿ ಮಾಟುಂಗಾ ಸ್ಟೇಷನ್ನಿನ ಪಕ್ಕದಲ್ಲೇ ತೆರೆಯಿತು. ಮನೆ, ಶಾಲೆ, ಸ್ಟೇಷನ್ ಮೂರೂ ಕಾಲ್ನಡಿಗೆಯ ದೂರದಲ್ಲಿ. ಮಗುವನ್ನು ಶಾಲೆಗೆ ಬಿಟ್ಟು, ಮಾರ್ಕೆಟಿನಲ್ಲಿ ತರಕಾರಿ ಕೊಂಡು ಮನೆಗೆ ಮರಳುವುದು ಅರ್ಧ ಗಂಟೆಯ ಕೆಲಸ. ಮುಂಬಯಿಯಲ್ಲಿ ಕನ್ನಡ ಕುಟುಂಬಕ್ಕೆ ಇಷ್ಟು ಅನುಕೂಲದ ನೆಲೆ ಮತ್ತೆ ಸಿಕ್ಕಿತೋ ಇಲ್ಲವೋ!

ಈ ಬಾಗಿಲು ಬಹುಬೇಗ ಮುಚ್ಚಿತು. 1947ರ ಬಾಡಿಗೆ ನಿಯಂತ್ರಣ ಕಾಯಿದೆ ಹಳೆಯ ಬಾಡಿಗೆಯನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿತು. ಒಳಗಿದ್ದವರಿಗೆ ಅದು ವರ, ಹೊರಗಿನಿಂದ ಬಂದವರಿಗೆ ಗೋಡೆ. ಬಾಡಿಗೆ ಮನೆ ಖಾಲಿಯಾಗುವುದು ನಿಂತು, ‘ಪಗಡಿ’ ಕೊಡದೆ ಕೋಣೆ ಸಿಗದಂತಾಯಿತು. 1956ರ ನವೆಂಬರ್ 1ರವರೆಗೆ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳಿಗೆ ಮುಂಬಯಿಯೇ ರಾಜಧಾನಿ. ಆ ಕಡೆಯಿಂದ ನೌಕರಿಗೆ ಬಂದವರೂ, ಕರಾವಳಿಯಿಂದ ಬರುತ್ತಲೇ ಇದ್ದವರೂ ಹಳಿ ಹಿಡಿದು ಉತ್ತರಕ್ಕೆ ಸರಿದರು. ಘಾಟ್ಕೋಪರ್, ಮುಲುಂಡ್, ಡೊಂಬಿವಲಿ ಒಂದು ಕಡೆ. ಗೋರೆಗಾಂವ್, ಮಲಾಡ್, ಬೊರಿವಲಿ ಇನ್ನೊಂದು ಕಡೆ.

ಇಲ್ಲಿ ಮನೆ ಮೊದಲು ಬಂತು, ಶಾಲೆ ಆಮೇಲೆ ಬಂತು. ಇದ್ದ ಶಾಲೆಯನ್ನು ಹುಡುಕಿ ಹೋದವರಲ್ಲ ಅವರು. ಹೋದಲ್ಲಿ ಶಾಲೆ ಕೇಳಿ ಪಡೆದವರು, ಇಲ್ಲವೇ ತಾವೇ ಕಟ್ಟಿದವರು. ಡೊಂಬಿವಲಿಯ ಮಂಜುನಾಥ ವಿದ್ಯಾಲಯ ಹಾಗೆ ಬೆಳೆದದ್ದು. ಮುಂಬಯಿ ಮಹಾನಗರ ಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತ ಬಂದಿದೆ: ಮರಾಠಿ, ಹಿಂದಿ, ಉರ್ದು, ಗುಜರಾತಿ, ಇಂಗ್ಲಿಷ್, ತಮಿಳು, ತೆಲುಗು ಮತ್ತು ಕನ್ನಡ. ದೇಶದ ಇನ್ನಾವ ಮಹಾನಗರದ ಪಾಲಿಕೆಯಾದರೂ ಇಷ್ಟು ಭಾಷೆಗಳಿಗೆ ಜಾಗ ಕೊಟ್ಟದ್ದನ್ನು ನಾನು ಕಂಡಿಲ್ಲ. ಶುಲ್ಕವಿಲ್ಲದ ಪಾಲಿಕೆಯ ಕನ್ನಡ ಶಾಲೆಯೇ ಆಗಿನ ಸಾವಿರಾರು ಮನೆಗಳಿಗೆ ‘ಒಳ್ಳೆಯ ಶಾಲೆ’. 

ಬೆಲೆ ತೆತ್ತದ್ದು ಸಮಯದಲ್ಲಿ. ಗಂಡ ಬೆಳಗಿನ ಫಾಸ್ಟ್ ಲೋಕಲ್ ಹಿಡಿಯಬೇಕಾದರೆ ಹೆಂಡತಿ ನಾಲ್ಕೂವರೆಗೆ ಏಳಬೇಕು. ನೀರು ಬರುವುದೂ ಆಗಲೇ. ಎಪ್ಪತ್ತರ ದಶಕದ ಹೊತ್ತಿಗೆ ಆಕೆಯೂ ಬ್ಯಾಂಕಿಗೋ ಎಲ್.ಐ.ಸಿ.ಗೋ ಟೆಲಿಫೋನ್ ಇಲಾಖೆಗೋ ಹೊರಟಳು. ಮನೆ ಆಯ್ದದ್ದು ಒಬ್ಬರ ಕಚೇರಿ ನೋಡಿ, ಪ್ರಯಾಣ ಮಾಡುವವರು ಮಾತ್ರ ಇಬ್ಬರು. ಲೇಡೀಸ್ ಡಬ್ಬಿಯಲ್ಲಿ ಸೊಪ್ಪು ಬಿಡಿಸುತ್ತ, ಬಟಾಣಿ ಸುಲಿಯುತ್ತ ಬರುವ ಹೆಂಗಸರ ಚಿತ್ರವನ್ನು ನಾವು ಮುಂಬಯಿಯ ಜೀವಂತಿಕೆ ಎಂದು ಮೆಚ್ಚುತ್ತೇವೆ. ಮನೆ ಸೇರಿದ ಮೇಲೆ ಅದಕ್ಕೆ ಹೊತ್ತು ಉಳಿದಿರುವುದಿಲ್ಲ ಎಂಬುದಷ್ಟೇ ಅದರ ಅರ್ಥ. ರೈಲ್ವೆಗೆ ಈ ಸತ್ಯ ಅರ್ಥವಾಗಿ ಚರ್ಚ್‌ಗೇಟ್–ಬೊರಿವಲಿ ನಡುವೆ ಲೇಡೀಸ್ ಸ್ಪೆಷಲ್ ಓಡಿದ್ದು 1992ರ ಮೇ 5ರಂದು. ಮೊದಲ ವಿದ್ಯುತ್ ರೈಲು ಓಡಿ ಆಗ 67 ವರ್ಷ ಕಳೆದಿತ್ತು.

ಈ ಮೂರು ಬಿಂದುಗಳನ್ನು ಕಾಗದದ ಮೇಲೆ ಮೊದಲೇ ಜೋಡಿಸಿ ಊರು ಕಟ್ಟುವ ಪ್ರಯತ್ನವೂ ನಮ್ಮ ಪಕ್ಕದಲ್ಲೇ ನಡೆಯಿತು. ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ, ಶಿರೀಷ್ ಪಟೇಲ್ 1965ರಲ್ಲಿ ಖಾಡಿಯ ಆಚೆ ಹೊಸ ನಗರದ ಪ್ರಸ್ತಾಪ ಮುಂದಿಟ್ಟರು. 1970ರಲ್ಲಿ ಸಿಡ್ಕೊ ಸ್ಥಾಪನೆಯಾಯಿತು. ರೈಲಿನ ಉದ್ದಕ್ಕೂ ಬಿಡಿಬಿಡಿ ಉಪನಗರಗಳು, ಪ್ರತಿಯೊಂದರಲ್ಲೂ ಸೆಕ್ಟರುಗಳು, ಮಗು ನಡೆದೇ ಹೋಗುವ ದೂರದಲ್ಲಿ ಪ್ರಾಥಮಿಕ ಶಾಲೆ. ಯೋಜನೆ ಸೊಗಸಾಗಿತ್ತು. ಆದರೆ ರೈಲು ಮಾನ್‌ಖುರ್ದ್‌ನಿಂದ ಖಾಡಿ ದಾಟಿ ವಾಶಿಗೆ ಬಂದದ್ದು 1992ರಲ್ಲಿ. ಅಲ್ಲಿಯವರೆಗೆ ಹೋಗಿ ನೆಲೆಸಿದವರು ಬಸ್ಸನ್ನೇ ನಂಬಿದ್ದರು. ಶಾಲೆಗೆಂದು ಕಾದಿಟ್ಟ ನಿವೇಶನಗಳಲ್ಲಿ ಬಹಳಷ್ಟು ಖಾಸಗಿ ಟ್ರಸ್ಟುಗಳಿಗೆ ಹೋದವು. ಶಾಲೆ ಹತ್ತಿರ ಬಂತು, ಶುಲ್ಕ ದೂರ ಹೋಯಿತು.

ಈ ವಿಚಾರದಲ್ಲಿ ದೇಶದ ಮಟ್ಟದಲ್ಲಿ ಆಡಿದ ಒಂದು ಮಾತನ್ನು ನಾವು ಮರೆತಿದ್ದೇವೆ. 1966ರಲ್ಲಿ ಕೊಠಾರಿ ಆಯೋಗ ‘ನೆರೆಹೊರೆ ಶಾಲೆ’ಯನ್ನು ಶಿಫಾರಸು ಮಾಡಿತು. ಒಂದು ಬಡಾವಣೆಯ ಎಲ್ಲ ಮಕ್ಕಳೂ, ಬಡವರಿರಲಿ ಬಲ್ಲಿದರಿರಲಿ, ಅಲ್ಲಿಯ ಸಾರ್ವಜನಿಕ ಶಾಲೆಗೇ ಹೋಗಬೇಕು. ಅನುಕೂಲಸ್ಥರ ಮಕ್ಕಳು ಅಲ್ಲಿದ್ದರೆ ತಾನಾಗಿ ಆ ಶಾಲೆ ಸುಧಾರಿಸುತ್ತದೆ ಎಂಬುದು ಅದರ ತರ್ಕ. ಆ ಆಯೋಗದ ಕಾರ್ಯದರ್ಶಿ ಜೆ.ಪಿ. ನಾಯಕ್ ಸ್ವಾತಂತ್ರ್ಯ ಹೋರಾಟದಲ್ಲಿ ಬಳ್ಳಾರಿ ಜೈಲು ಕಂಡವರು, ಆಮೇಲೆ ಧಾರವಾಡದ ಹತ್ತಿರದ ಉಪ್ಪಿನ ಬೆಟಗೇರಿಯಲ್ಲಿ ಹಳ್ಳಿಯ ಕೆಲಸ ಮಾಡಿದವರು. ಶಾಲೆಗೂ ಊರಿಗೂ ಇರುವ ನಂಟು ಏನೆಂದು ಅವರಿಗೆ ನಮ್ಮ ನೆಲದಲ್ಲೇ ಗೊತ್ತಾಗಿತ್ತು. ಶಿಫಾರಸು ಮಾತ್ರ ಕಡತದಲ್ಲೇ ಉಳಿಯಿತು.

ನಡೆದದ್ದು ಅದರ ತಿರುವುಮುರುವು. ಆಯ್ಕೆ ಮಾಡುವ ಶಕ್ತಿ ಬಂದೊಡನೆ ನಾವು ಪಾಲಿಕೆ ಶಾಲೆ ಬಿಟ್ಟು ಇಂಗ್ಲಿಷ್ ಮಾಧ್ಯಮದ ಖಾಸಗಿ ಶಾಲೆಗೆ ನಡೆದೆವು. ಮಕ್ಕಳ ಭವಿಷ್ಯ ನೋಡಿದ ತಂದೆತಾಯಿಯರನ್ನು ದೂರುವಂತಿಲ್ಲ. ಆದರೆ ಪಾಲಿಕೆಯ ಕನ್ನಡ ಶಾಲೆಗಳು ಒಂದೊಂದಾಗಿ ಬಡವಾದವು, ಹಲವು ಮುಚ್ಚಿದವು. ಶಾಲೆ ಮುಚ್ಚಿದ ಮೇಲೆ ಆ ಬಡಾವಣೆಗೆ ಬರಲು ಹೊಸ ಕನ್ನಡ ಕುಟುಂಬಕ್ಕೆ ಇದ್ದ ಒಂದು ಕಾರಣವೂ ಹೋಯಿತು.

ದೂರದ ಲೆಕ್ಕಕ್ಕೆ ಕಾನೂನಿನ ಬಲ ಬಂದದ್ದು 2010ರ ಏಪ್ರಿಲ್ 1ರಂದು ಜಾರಿಯಾದ ಶಿಕ್ಷಣ ಹಕ್ಕು ಕಾಯಿದೆಯಿಂದ. ಐದನೇ ತರಗತಿವರೆಗೆ ಒಂದು ಕಿಲೋಮೀಟರ್, ಎಂಟರವರೆಗೆ ಮೂರು ಕಿಲೋಮೀಟರ್ ಒಳಗೆ ಶಾಲೆ ಇರಬೇಕು ಎಂಬ ಅಳತೆ ಬಂತು. ಖಾಸಗಿ ಶಾಲೆಗಳಲ್ಲಿ ಶೇಕಡಾ 25 ಸೀಟು ಹಿಂದುಳಿದ, ಬಡ ಕುಟುಂಬಗಳ ಮಕ್ಕಳಿಗೆ ಮೀಸಲಾಯಿತು. 2024ರ ಫೆಬ್ರವರಿಯಲ್ಲಿ ಮಹಾರಾಷ್ಟ್ರ ಸರಕಾರ, ಒಂದು ಕಿಲೋಮೀಟರ್ ಒಳಗೆ ಸರಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಗೆ ಈ ಹೊಣೆ ಬೇಡ ಎಂದು ನಿಯಮ ಬದಲಿಸಿತು. ಮುಂಬಯಿ ಹೈಕೋರ್ಟ್ ಜುಲೈನಲ್ಲಿ ಅದನ್ನು ರದ್ದು ಮಾಡಿತು, ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಒಂದು ಕಿಲೋಮೀಟರ್ ಎಂಬುದು ಎಷ್ಟೋ ಮಕ್ಕಳ ಹಣೆಬರಹವೇ ಆಗಿದೆ.

ಪಾಲಿಕೆಯೂ ಸುಮ್ಮನೆ ಕೂತಿಲ್ಲ. 2020ರಲ್ಲಿ ‘ಮುಂಬಯಿ ಪಬ್ಲಿಕ್ ಸ್ಕೂಲ್’ ಎಂಬ ಹೊಸ ಹೆಸರು ಬಂತು. ಸಿ.ಬಿ.ಎಸ್‌.ಇ. ಪಠ್ಯಕ್ರಮದ ಶಾಲೆಗಳೂ ತೆರೆದವು. ಅವಕ್ಕೆ ಬಂದ ಅರ್ಜಿಗಳ ನೂಕುನುಗ್ಗಲು ನೋಡಿ ಲಾಟರಿ ಎತ್ತಬೇಕಾಯಿತು. ನವಿ ಮುಂಬಯಿ ಪಾಲಿಕೆಯೂ ಸಿ.ಬಿ.ಎಸ್‌.ಇ. ಶಾಲೆ ನಡೆಸುತ್ತಿದೆ. ಸರಕಾರಿ ಶಾಲೆಗೆ ಮಕ್ಕಳನ್ನು ಕಳಿಸಲು ಜನ ತಯಾರಿಲ್ಲ ಎಂಬ ಮಾತು ಪೂರ್ತಿ ನಿಜವಲ್ಲ ಎಂಬುದಕ್ಕೆ ಆ ಲಾಟರಿಯೇ ಸಾಕ್ಷಿ.

ನನ್ನ ತಲೆಮಾರಿನ ತೊಡಕು ಬೇರೆ. ಹಿಂದೆ ಕಚೇರಿಗಳೆಲ್ಲ ದಕ್ಷಿಣದ ತುದಿಯಲ್ಲಿದ್ದವು, ಎಲ್ಲರ ಪ್ರಯಾಣವೂ ಒಂದೇ ದಿಕ್ಕಿಗೆ. 1973ರಲ್ಲಿ ಅಂಧೇರಿಯಲ್ಲಿ ಸೀಪ್ಜ್ ಬಂತು. ಆಮೇಲೆ ಬಾಂದ್ರಾ-ಕುರ್ಲಾ ಸಂಕೀರ್ಣ, ಪವಾಯಿ, ಐರೋಲಿ ಎಂದು ಕೆಲಸ ದಿಕ್ಕುದಿಕ್ಕಿಗೆ ಹರಡಿತು. ಹಳಿಗಳು ಮಾತ್ರ ಬಹುಕಾಲ ಉತ್ತರ-ದಕ್ಷಿಣವಾಗಿಯೇ ಇದ್ದವು. ಐರೋಲಿಯ ಮೂಲಕ ಠಾಣೆ–ವಾಶಿ ಲೋಕಲ್ ಶುರುವಾದದ್ದು 2004ರಲ್ಲಿ. ಪೂರ್ವ-ಪಶ್ಚಿಮ ಜೋಡಿಸುವ ವರ್ಸೋವಾ–ಅಂಧೇರಿ–ಘಾಟ್ಕೋಪರ್ ಮೆಟ್ರೋ ಬಂದದ್ದು 2014ರಲ್ಲಿ. ನಮ್ಮ ಮನೆಯಲ್ಲಿ ನನ್ನ ಕಚೇರಿ ಐರೋಲಿ, ನಮ್ಮವರದು ಅಂಧೇರಿ, ಮಗಳು ಬರುವ ಜೂನಿಗೆ ಒಂದನೇ ತರಗತಿ. ಮೂರು ಬಿಂದು ಇದ್ದದ್ದು ನಾಲ್ಕಾಗಿದೆ. ನನ್ನ ಎಕ್ಸೆಲ್ ಹಾಳೆಯಲ್ಲಿ ಏಳು ಬಡಾವಣೆಗಳಿವೆ. ಕಿಲೋಮೀಟರು, ಬಾಡಿಗೆ, ಶುಲ್ಕ ಎಲ್ಲ ತುಂಬಿದ ಮೇಲೆ ಇನ್ನೊಂದು ಕಾಲಂ ಸೇರಿಸಿದೆ: ಮಧ್ಯಾಹ್ನ ಶಾಲೆಯಿಂದ ಫೋನ್ ಬಂದರೆ ಯಾರು ಹೋಗುತ್ತಾರೆ, ಎಷ್ಟು ನಿಮಿಷದಲ್ಲಿ? ಏಳರಲ್ಲಿ ಐದು ಸಾಲು ಆ ಒಂದೇ ಪ್ರಶ್ನೆಗೆ ಬಿದ್ದುಹೋದವು. ಉಳಿದ ಎರಡರಲ್ಲಿ ಒಂದು ಪಾಲಿಕೆ ಶಾಲೆಯ ಪಕ್ಕದ್ದು. ಆ ಶಾಲೆಯನ್ನು ಒಳಗೆ ಹೋಗಿ ನೋಡಿ ಬಂದಿದ್ದೇವೆ. ಅರ್ಜಿ ಹಾಕುವುದೆಂದು ಇಬ್ಬರೂ ಒಪ್ಪಿದ್ದೇವೆ. ಮರಾಠಿಯನ್ನು ಮಗಳು ಶಾಲೆಯಲ್ಲಿ ಕಲಿಯುತ್ತಾಳೆ, 2020ರ ಕಾಯಿದೆಯಂತೆ ರಾಜ್ಯದ ಎಲ್ಲ ಶಾಲೆಗಳಲ್ಲೂ ಅದು ಕಡ್ಡಾಯ. ಕನ್ನಡದ ಹೊಣೆ ಮನೆಯದು, ಸಂಘದ್ದು.

ಮನೆ ಹುಡುಕುತ್ತಿರುವ ಗೆಳತಿಯರಿಗೆ ಈ ಇತಿಹಾಸದಿಂದ ಎರಡು ಮಾತು ಹೇಳಬಹುದು. ಮನೆ ನೋಡಲು ಭಾನುವಾರ ಸಂಜೆ ಹೋಗಬೇಡಿ. ವಾರದ ದಿನ, ಬೆಳಿಗ್ಗೆ ಎಂಟಕ್ಕೆ, ಸಾಧ್ಯವಾದರೆ ಮಳೆಗಾಲದಲ್ಲಿ ಹೋಗಿ, ಮನೆಯಿಂದ ಶಾಲೆಗೆ, ಶಾಲೆಯಿಂದ ಸ್ಟೇಷನ್ನಿಗೆ ನೀವೇ ನಡೆದು ನೋಡಿ. ಇನ್ನೊಂದು, ಹತ್ತಿರದ ಪಾಲಿಕೆ ಶಾಲೆಯನ್ನು ಹೊರಗಿನಿಂದಲೇ ತಳ್ಳಿಹಾಕಬೇಡಿ. ಒಮ್ಮೆ ಒಳಗೆ ಹೋಗಿ ತರಗತಿ, ಶೌಚಾಲಯ, ಶಿಕ್ಷಕರ ಸಂಖ್ಯೆ ನೋಡಿ ಆಮೇಲೆ ತೀರ್ಮಾನಿಸಿ.

ಸಂಘದ ಹಿರಿಯ ಸದಸ್ಯೆಯರಲ್ಲಿ ಒಂದು ವಿನಂತಿ ಇದೆ. ನೀವು ಯಾವ ವರ್ಷ ಯಾವ ಸ್ಟೇಷನ್ನಿನ ಹತ್ತಿರ ಮನೆ ಮಾಡಿದಿರಿ, ಮಕ್ಕಳನ್ನು ಯಾವ ಶಾಲೆಗೆ ಸೇರಿಸಿದಿರಿ, ಆ ತೀರ್ಮಾನ ಯಾರದಾಗಿತ್ತು ಎಂಬುದನ್ನು ಒಂದು ಪುಟ ಬರೆದುಕೊಡಿ. ಬರೆಯಲಾಗದವರು ಫೋನಿನಲ್ಲಿ ಹೇಳಿದರೂ ಸಾಕು, ನಾವು ಬರೆದುಕೊಳ್ಳುತ್ತೇವೆ. ಸಂಘ ಸಂಸ್ಥೆಗಳ ಸ್ಥಾಪನೆಯ ತಾರೀಕು, ಅಧ್ಯಕ್ಷರ ಹೆಸರುಗಳು ಸ್ಮರಣ ಸಂಚಿಕೆಗಳಲ್ಲಿ ಸಿಗುತ್ತವೆ. ನಾಲ್ಕೂವರೆಗೆ ಎದ್ದು ಈ ಮನೆಗಳನ್ನು ನಡೆಸಿದವರ ದಿನಚರಿ ಎಲ್ಲೂ ಇಲ್ಲ. ಮುಂದಿನ ಸಂಚಿಕೆಯನ್ನು ಅದರಿಂದಲೇ ತುಂಬಬಹುದು.