ಕೊಂಡಿಯಲ್ಲಿ ಕೂಡಿದ ಕೆಂಪು ಸೆರಗು

ಇಳಕಲ್ ಸೀರೆಯ ಕಸುಬುಗಾರಿಕೆಯನ್ನು ನೋಡಬೇಕಾದರೆ ಒಡಲು ಮುಗಿದು ಸೆರಗು ಶುರುವಾಗುವ ಜಾಗವನ್ನು ನೋಡಬೇಕು. ಬೇರೆ ಬಹುತೇಕ ಸೀರೆಗಳಲ್ಲಿ ಒಡಲಿನ ಉದ್ದದ ಎಳೆಯಾದ ಹಾಸುನೂಲೇ ಸೆರಗಿನ ತುದಿಯವರೆಗೂ ಸಾಗುತ್ತದೆ, ಬಣ್ಣ ಬದಲಾಗುವುದು ಅಡ್ಡ ಎಳೆಯಾದ ಹೊಕ್ಕಿನಲ್ಲಿ ಮಾತ್ರ. ಇಳಕಲ್‌ನ ನೇಕಾರರು ಒಡಲಿಗೊಂದು ಹಾಸು, ಸೆರಗಿಗೆ ಇನ್ನೊಂದು ಹಾಸು ಹೂಡುತ್ತಾರೆ. ಒಂದರ ಕುಣಿಕೆಯೊಳಗೆ ಇನ್ನೊಂದರ ಕುಣಿಕೆ ತೂರಿಸಿ, ಎಳೆಗೆ ಎಳೆ ಕೂಡಿಸುತ್ತಾರೆ. ಆ ಗೆರೆ ದಾಟಿದ ಮೇಲೆ ಕೆಂಪು ಪಟ್ಟೆಗಳಲ್ಲಿ ಹಾಸೂ ಕೆಂಪು ರೇಷ್ಮೆ, ಹೊಕ್ಕೂ ಕೆಂಪು ರೇಷ್ಮೆ. ಸೆರಗಿನ ದಟ್ಟ ಕೆಂಪಿನ ಗುಟ್ಟು ಅದು.

ಇದೇ ಟೋಪ ತೆನಿ ಸೆರಗು. ಮೂರು ಕೆಂಪು ಪಟ್ಟೆ, ನಡುವೆ ಎರಡು ಬಿಳಿ ಪಟ್ಟೆ. ಕೆಂಪು ಬಿಳುಪು ಕೂಡುವಲ್ಲಿ ಹಣಿಗೆಯ ಹಲ್ಲು, ಕೋಟೆಯ ತೆನೆ, ಜೋಳದ ತೆನೆ, ಗುಡ್ಡದ ಸಾಲಿನ ಆಕಾರಗಳು. ಬಯಲುಸೀಮೆಯ ಮನುಷ್ಯ ದಿನವೂ ಕಾಣುವ ಲೋಕ ಸೆರಗಿಗೆ ಬಂದು ಕೂತಿದೆ.

ಈ ಚೆಲುವಿಗೆ ನೇಕಾರ ತೆರುವ ಬೆಲೆ ದೊಡ್ಡದು. ಉದ್ದನೆಯ ಹಾಸು ಹೂಡಿ ಸಾಲಾಗಿ ನಾಲ್ಕಾರು ಸೀರೆ ನೇಯುವ ಅನುಕೂಲ ಇಲ್ಲಿಲ್ಲ. 6 ಗಜವೋ 8 ಗಜವೋ 9 ಗಜವೋ, ಒಂದು ಸೀರೆಗೆ ಸಾಲುವಷ್ಟೇ ಹಾಸು. ಮುಂದಿನ ಸೀರೆಗೆ ಮತ್ತೆ ಮೊದಲಿನಿಂದ ಎಳೆ ಕೂಡಿಸಬೇಕು.

ಬಾಗಲಕೋಟೆ ಜಿಲ್ಲೆಯ ಇಳಕಲ್‌ನಲ್ಲಿ ನೇಯ್ಗೆ ಮನೆಮಂದಿಯ ಕಸುಬು. ನೆಲದಲ್ಲಿ ತೋಡಿದ ಕುಣಿಗೆ ಕಾಲಿಳಿಸಿ ನೇಕಾರ ಮಗ್ಗಕ್ಕೆ ಕೂರುತ್ತಾನೆ. ರಾಟೆ ತಿರುವಿ ಕಂಡಿಕೆ ಸುತ್ತುವುದು, ಹಾಸು ಅಣಿಗೊಳಿಸುವುದು ಹೆಚ್ಚಾಗಿ ಹೆಂಗಸರ ಪಾಲು. ಸಾಂಪ್ರದಾಯಿಕ ಸೀರೆಗೆ ಮೂರು ಲಾಳಿ ಬೇಕು: ನಡುವಿನದು ಒಡಲಿಗೆ, ಇಕ್ಕೆಲದವು ದಡಿಗೆ. ಒಡಲಿನ ಹೊಕ್ಕು ದಡಿಯ ಹೊಕ್ಕಿಗೆ ಕೊಂಡಿ ಹಾಕಿಕೊಂಡು ಹಿಂದಿರುಗುತ್ತದೆ. ದಡಿಗಳಿಗೆ ಚಿಕ್ಕಿ, ಗೋಮಿ, ಜರಿ, ಗಾಡಿ ಎಂಬ ಹೆಸರುಗಳಿವೆ. ಇಷ್ಟೆಲ್ಲ ಮುಗಿದು ಸೀರೆ ಮಗ್ಗದಿಂದ ಇಳಿಯುವಾಗ ಹೆಚ್ಚುಕಡಿಮೆ ಒಂದು ವಾರ ಕಳೆದಿರುತ್ತದೆ.

ಈ ಸೀಮೆಯಲ್ಲಿ ಮಗ್ಗದ ಬೇರು ಆಳಕ್ಕಿದೆ. ವಚನಕಾರ ಬಸವಣ್ಣನವರ ಕೂಡಲಸಂಗಮ ಇಲ್ಲೇ ಹತ್ತಿರ. ಅವರಿಗಿಂತ ಹಿರಿಯನೆನ್ನಲಾಗುವ ವಚನಕಾರ ಜೇಡರ ದಾಸಿಮಯ್ಯ ನೇಕಾರ. ಹೆಸರಲ್ಲಿರುವ ಜೇಡನೆಂದರೇ ನೇಯುವವನು. 12ನೇ ಶತಮಾನದ ವಚನಕಾರ್ತಿ ಕದಿರೆ ರೆಮ್ಮವ್ವೆ ನೂಲುವ ಕಾಯಕದವಳು. ತಾನು ತಿರುಗಿಸುವ ರಾಟೆಯ ಒಂದೊಂದು ಭಾಗಕ್ಕೂ ಆಕೆ ತನ್ನ ವಚನದಲ್ಲಿ ಅಧ್ಯಾತ್ಮದ ಅರ್ಥ ಕೊಟ್ಟಳು. ನೂಲು, ನೇಯ್ಗೆಗಳು ಕನ್ನಡದ ಚಿಂತನೆಯಲ್ಲಿ ಅಂದಿನಿಂದಲೇ ಹಾಸುಹೊಕ್ಕಾಗಿವೆ.

ಉಡುವವರ ಕಡೆಯಿಂದ ನೋಡಿದರೆ, ಇಳಕಲ್ ಸೀರೆಗೆ ಗುಳೇದಗುಡ್ಡದ ಖಣದ ಕುಬಸವೇ ಜೋಡಿ. ಧಾರವಾಡ ಸೀಮೆಯ ಹೆಣ್ಣುಮಕ್ಕಳು ಇದೇ ಸೀರೆಯ ಮೇಲೆ ಎಳೆ ಎಣಿಸಿ ತೇರು, ಗೋಪುರ, ಆನೆ ಅಂಬಾರಿ, ತುಳಸಿಕಟ್ಟೆಗಳ ಕಸೂತಿ ತೆಗೆದರು. ಕಸೂತಿ ತುಂಬಿದ ಕಪ್ಪು ಚಂದ್ರಕಾಳಿ ಸೀರೆ ಮದುಮಗಳ ಸೀರೆಗಳಲ್ಲಿ ಇರಲೇಬೇಕಿತ್ತು. ಮಹಾರಾಷ್ಟ್ರದ ಹೆಂಗಸರಿಗೂ ಇದು ಅಚ್ಚುಮೆಚ್ಚು, ಅಲ್ಲಿ ಇದರ ಹೆಸರು ಇರಕಲ್.

ಕಾಲ ಬದಲಾಯಿತು. ರೇಷ್ಮೆ ದುಬಾರಿಯಾದಂತೆ ಕೃತಕ ರೇಷ್ಮೆಯ ಚಮಕ ಬಂತು. ವಿದ್ಯುತ್ ಮಗ್ಗಗಳು ಇದೇ ಬಣ್ಣ, ಇದೇ ದಡಿಯ ಸೀರೆಗಳನ್ನು ಅಗ್ಗವಾಗಿ ಮಾರುಕಟ್ಟೆಗೆ ಸುರಿದವು. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯ್ದೆಯನ್ನು ಸಂಸತ್ತು 1985ರಲ್ಲಿ ಮಾಡಿತು. ಮುಂದೆ ಇಳಕಲ್ ಸೀರೆಗೆ ಭೌಗೋಳಿಕ ಸೂಚಿಯೂ ದಕ್ಕಿತು. 2015ರಿಂದ ಆಗಸ್ಟ್ 7 ರಾಷ್ಟ್ರೀಯ ಕೈಮಗ್ಗ ದಿನ. ಆದರೆ ಒಂದು ವಾರದ ದುಡಿಮೆಗೆ ತಕ್ಕ ಬೆಲೆ ಸಿಗದಿದ್ದರೆ ನೇಕಾರನ ಮಕ್ಕಳು ಮಗ್ಗದ ಕುಣಿಗೆ ಇಳಿಯುವುದಿಲ್ಲ. ಕಾಯ್ದೆ, ಸೂಚಿ, ದಿನಾಚರಣೆಗಳಷ್ಟರಿಂದಲೇ ಕಸುಬು ಉಳಿಯದು.

ಇಳಕಲ್ ಸೀರೆ ಕೊಳ್ಳುವವರು ಅಂಗಡಿಯಲ್ಲಿ ಸೆರಗನ್ನು ಬಿಚ್ಚಿಸಿ, ತಿರುವಿ ನೋಡಬೇಕು. ಕೆಂಪು ಹೊಕ್ಕಿನಲ್ಲಷ್ಟೇ ಇದೆಯೋ ಹಾಸಿನಲ್ಲೂ ಇದೆಯೋ ಗಮನಿಸಬೇಕು. ಕುಣಿಕೆಗಳ ಸಾಲು ಕಂಡರೆ, ಅಲ್ಲಿ ಕೂಡಿಸಿದ ಒಂದೊಂದು ಎಳೆಯ ಕೂಲಿಯೂ ಬೆಲೆಯಲ್ಲಿ ಸೇರಿದೆಯೆಂದು ತಿಳಿದು, ಚೌಕಾಸಿ ಮಾಡದೆ ಕೊಳ್ಳಬೇಕು.